ಹಳೇ ಕಾರುಗಳಿಗೆ ಇನ್ಯಾರು ಗತಿ?

ಊರಿನ ಹಳೇ ಕಾರುಗಳ ಆಪದ್ಬಾಂಧವನಂತಿದ್ದ ಹಿರಿಯ ಮೆಕ್ಯಾನಿಕ್ ಮೊನ್ನೆ ತೀರಿಕೊಂಡರು. ಹೆಣದ ಗಾಡಿಯ ಹಿಂದೆ ಅಂಬಾಸಡರ್, ಫಿಯಟ್‌ಗಳ ಸಾಲೇ ಇತ್ತು. ಅವುಗಳ ಮಾಲೀಕರೆಲ್ಲ ಸಾಹುಕಾರರಲ್ಲ. ಅಪ್ಪ ಕೊಂಡ ಕಾರನ್ನು ಮಾರಲು ಮನಸ್ಸು ಬಾರದವರೇ ಹೆಚ್ಚು.

ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಕಾರು ನಡುದಾರಿಯಲ್ಲಿ ನಿಂತರೆ, ‘ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಬಿಡಿ’ ಎಂದು ಫೋನಿನಲ್ಲೇ ಹೇಳಿಕೊಡುತ್ತಿದ್ದರು. ಅದಕ್ಕೆ ಬಿಡಿಗಾಸೂ ಕೇಳಿದವರಲ್ಲ.

ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು. ಉತ್ತರಪಾರಾದಲ್ಲಿ ಅಂಬಾಸಡರ್ ನಿಂತದ್ದು 2014ರಲ್ಲಿ. 50 ವರ್ಷ ದಾಟಿದ ಕಾರುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಶುಲ್ಕ 20,000 ರೂಪಾಯಿ. ದುಡ್ಡು ಕಟ್ಟಿದರೆ ಕಾಗದವೇನೋ ಸಿಕ್ಕೀತು. ಪಾಯಿಂಟ್ ತಿಕ್ಕಿ, ಕಾರ್ಬುರೇಟರ್ ಬಿಚ್ಚಿ ಸರಿಮಾಡುವ ಕೈಯನ್ನು ಎಲ್ಲಿಂದ ತರೋದು?

ಈಗಿನ ಹುಡುಗರು ಕಂಪ್ಯೂಟರ್ ಹಚ್ಚಿ ಎಂಜಿನ್ ನೋಡುವುದನ್ನು ಕಲಿಯುತ್ತಾರೆ. ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ ಹಾರ ಹಾಕಿ ಕಣ್ಣೊರೆಸಿಕೊಂಡ ಮಾಲೀಕರು ಅಷ್ಟಕ್ಕೇ ಸುಮ್ಮನಾಗಬಾರದು. ಉಳಿದಿರುವ ಒಬ್ಬಿಬ್ಬರು ಹಳೇ ಮೆಕ್ಯಾನಿಕ್‌ಗಳ ಬಳಿ ತಿಂಗಳಿಗೊಂದು ಭಾನುವಾರ ನಾಲ್ಕು ಐ.ಟಿ.ಐ. ಹುಡುಗರನ್ನು ಕೂರಿಸಲಿ, ಆ ದಿನದ ಕೂಲಿಯನ್ನು ತಾವೇ ಕೊಡಲಿ. ಪುಕ್ಕಟೆ ಪಡೆದ ವಿದ್ಯೆಯ ಋಣ ತೀರುವುದು ಹಾಗೆ, ಬರೀ ಹಾರದಿಂದಲ್ಲ.