ಸಂಖ್ಯೆಗಳಿಗೂ ಒಂದು ಆಕಾರವುಂಟು

ಮಗು ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದನ್ನು ಕೇಳಿದರೆ ಹಿರಿಯರಿಗೆ ಸಂತೋಷವಾಗುತ್ತದೆ. ಈ ಅಭ್ಯಾಸವನ್ನು ನಾವು ಹಳಿಯುವವರಲ್ಲ. ಕಿವಿಯಿಂದ ಕಲಿತುದು ಬಾಳಿನುದ್ದಕ್ಕೂ ನೆರವಾಗುತ್ತದೆ. ಆದರೆ ಕಿವಿಗೆ ದೊರೆತ ಭಾಗ್ಯವು ಕಣ್ಣಿಗೂ ದೊರೆಯಬೇಡವೆ? ಸಂಖ್ಯೆಗಳ ಸಾಲಿನಲ್ಲಿ ಅಡಗಿರುವ ಕ್ರಮವನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು, ಬೀಜಗಣಿತ ಬರುವವರೆಗೆ ಕಾಯದೆ, ಮಗ್ಗಿಯ ಬೆನ್ನಲ್ಲೇ ಮಕ್ಕಳಿಂದ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಚೌಕುಳಿ ಕಾಗದವೂ ಪೆನ್ಸಿಲೂ ಸಾಕು. ಅಡ್ಡಗೆರೆಯ ಮೇಲೆ 1, 2, 3, 4 ಎಂದು ಬರೆದು, ಪ್ರತಿಯೊಂದರ ನೇರಕ್ಕೆ ಎರಡರ ಮಗ್ಗಿಯ 2, 4, 6, 8 ಮನೆಗಳನ್ನು ಮೇಲಕ್ಕೆಣಿಸಿ ಮಗುವು ಚುಕ್ಕಿಯಿಡಲಿ. ಚುಕ್ಕಿಗಳು ಒಂದೇ ಸರಳರೇಖೆಯಲ್ಲಿ ನಿಲ್ಲುತ್ತವೆ. ಐದರ ಮಗ್ಗಿಯೂ ಸರಳರೇಖೆಯೇ, ಆದರೆ ಏರು ಹೆಚ್ಚು. 1, 4, 9, 16 ಎಂಬ ವರ್ಗಸಂಖ್ಯೆಗಳಾದರೋ ಬಾಗಿ ಮೇಲೇರುತ್ತವೆ. ಏಕೆ? ಮಗ್ಗಿಯಲ್ಲಿ ಹೆಜ್ಜೆ ಸದಾ ಒಂದೇ. ಇಲ್ಲಿ ಅದು 3, 5, 7 ಎಂದು ಬೆಳೆಯುತ್ತದೆ. ಈ ಉತ್ತರವನ್ನು ಉಪಾಧ್ಯಾಯರು ಹೇಳಬಾರದು, ಮಗುವೇ ಕಂಡುಕೊಳ್ಳಬೇಕು.

ಇನ್ನು ಬೆಂಕಿಕಡ್ಡಿಗಳಿಂದ ಒಂದಕ್ಕೊಂದು ತಗುಲಿದ ಚೌಕಗಳ ಸಾಲನ್ನು ಕಟ್ಟಿಸಿರಿ. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ಚುಕ್ಕಿಗಳ ಮೇಲೆ ಅಳತೆಪಟ್ಟಿಯನ್ನಿಟ್ಟು ಹಿಂದಕ್ಕೆ ಬಂದರೆ ಅದು ನೆಟ್ಟಗೆರೆಯನ್ನು ಸೊನ್ನೆಯಲ್ಲಲ್ಲ, 1ರಲ್ಲಿ ಮುಟ್ಟುತ್ತದೆ. ಆ ಒಂದು, ಸಾಲಿನ ಆರಂಭದಲ್ಲಿ ನಿಂತ ಮೊದಲ ಕಡ್ಡಿ. ಆಮೇಲೆ ಪ್ರತಿ ಚೌಕಕ್ಕೂ ಮೂರೇ ಸಾಕು. ಪ್ರೌಢಶಾಲೆಯಲ್ಲಿ ಸಮೀಕರಣವೆಂಬ ಹೆಸರಿನಿಂದ ಬೆದರಿಸುವುದು ಇದೇ ಅಲ್ಲವೆ?

ಆದರೆ ಚುಕ್ಕಿಗಳನ್ನು ಅವಸರದಿಂದ ಗೆರೆಯೆಳೆದು ಕೂಡಿಸಬಾರದು. ಎರಡೂವರೆ ಚೌಕಕ್ಕೆ ಎಷ್ಟು ಕಡ್ಡಿ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಕ್ರಮವನ್ನು ಕುರುಡಾಗಿ ನಂಬುವುದೂ ಸಲ್ಲದು. ವೃತ್ತದ ಅಂಚಿನಲ್ಲಿ ಬಿಂದುಗಳನ್ನಿಟ್ಟು, ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ಗೆರೆಗಳಿಂದ ಸೇರಿಸಿದರೆ, 1ರಿಂದ 5 ಬಿಂದುಗಳವರೆಗೆ ವೃತ್ತವು ಕ್ರಮವಾಗಿ 1, 2, 4, 8, 16 ಭಾಗಗಳಾಗುತ್ತದೆ. ಆರನೆಯ ಬಿಂದುವಿಗೆ 32 ಎಂದು ಯಾರೂ ಹೇಳಿಯಾರು. ಎಣಿಸಿ ನೋಡಿದರೆ ಹೆಚ್ಚೆಂದರೆ 31! ಊಹಿಸಬೇಕು, ಊಹೆಯನ್ನು ಪರೀಕ್ಷಿಸಲೂ ಬೇಕು ಎಂಬ ವಿಜ್ಞಾನದ ಪಾಠವನ್ನು ಇದಕ್ಕಿಂತ ಸುಲಭವಾಗಿ ಕಲಿಸಲಾಗದು.

ಪಠ್ಯಕ್ರಮವೇ ಭಾರವಾಗಿರುವಾಗ ಇದಕ್ಕೆ ವೇಳೆಯೆಲ್ಲಿ ಎಂದು ಉಪಾಧ್ಯಾಯರು ಕೇಳಬಹುದು. 1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ವ್ಯಾಪಾರದ ಏರಿಳಿತವನ್ನು ರೇಖೆಗಳಿಂದ ತೋರಿಸಿದಾಗ ನಕ್ಷೆಯು ಕೆಲವರ ಕುತೂಹಲದ ವಸ್ತುವಾಗಿತ್ತು. ಇಂದು ಅದು ಎಲ್ಲರೂ ಓದಬೇಕಾದ ಲಿಪಿಯಾಗಿದೆ. 2020ರಲ್ಲಿ ಕೋವಿಡ್ ಹಬ್ಬಿದಾಗ ಪತ್ರಿಕೆಗಳಲ್ಲಿ ದಿನವೂ ನಕ್ಷೆಗಳು ಬಂದುವು. ಇಮ್ಮಡಿಸುತ್ತ ಹೋಗುವ ಸಂಖ್ಯೆಯು ಮೊದಲು ನೆಲವನ್ನೇ ಹಿಡಿದಿದ್ದು ಆಮೇಲೆ ಹಠಾತ್ತನೆ ಮೇಲೇರುವುದೆಂಬುದನ್ನು ಬಾಲ್ಯದಲ್ಲಿ ಬರೆದು ಕಂಡವರಿಗೆ ಆ ರೇಖೆಯ ಅರ್ಥ ಬೇಗನೆ ಹೊಳೆದೀತು. ಮೋಸದ ನಕ್ಷೆಯೂ ಅಂಥವರ ಮುಂದೆ ನಡೆಯದು. ಕಂಬಗಳ ನಕ್ಷೆಯನ್ನು ಸೊನ್ನೆಯ ಬದಲು 95ರಿಂದ ಆರಂಭಿಸಿದರೆ, 98ರ ಕಂಬವು 96ರ ಕಂಬಕ್ಕಿಂತ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ!

ವಾರಕ್ಕೆ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ಉಪಾಧ್ಯಾಯರನ್ನು ನಾವು ಪ್ರಾರ್ಥಿಸುತ್ತೇವೆ. ಚುಕ್ಕಿಯಿಟ್ಟು ರಂಗವಲ್ಲಿ ಬರೆಯುವ ನಾಡಿನ ಮಕ್ಕಳಿಗೆ ಇದು ತೀರ ಹೊಸ ವಿದ್ಯೆಯೇನೂ ಅಲ್ಲ.