ಮೊದಲು ಮಾನಿಟರ್, ಆಮೇಲೆ ಡಬ್ಬಿ

‘ಕಾಕಾ, ಗ್ರಾಫಿಕ್ಸ್ ಕಾರ್ಡ್ ಯಾವ್ದು ಹಾಕ್ಸಬೇಕ್ರಿ?’ ನಮ್ಮ ಮಣ್ಣೂರ ಸುತ್ತ ಹೊಸದಾಗಿ ಫೋಟೊ ಸ್ಟುಡಿಯೊ ತೆರೆಯುವ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಮಾನಿಟರ್ ಬಗ್ಗೆ ಯಾರೂ ಕೇಳುವುದಿಲ್ಲ, ಉಳಿದ ದುಡ್ಡಿಗೆ ಸಿಕ್ಕಿದ್ದನ್ನು ತರುತ್ತಾರೆ. ನನ್ನ ಪ್ರಕಾರ ಇದು ಪೂರಾ ಉಲ್ಟಾ.

12x36 ಇಂಚಿನ ಆಲ್ಬಮ್ ಹಾಳೆಗೆ 300 ಡಿಪಿಐ ಲೆಕ್ಕದಲ್ಲಿ ಸುಮಾರು 3.9 ಕೋಟಿ ಪಿಕ್ಸೆಲ್ ಬೇಕು. 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಸಾಧಾರಣ ಕಂಪ್ಯೂಟರೇ ಇದನ್ನು ಎಳೆಯುತ್ತದೆ. ಬಣ್ಣದ ಮಾತು ಬೇರೆ. ಅಗ್ಗದ ಟಿಎನ್ ಪರದೆಯ ಮುಂದೆ ತಲೆ ಸ್ವಲ್ಪ ಎತ್ತಿದರೂ ಇಳಕಲ್ ಸೀರೆಯ ಕೆಂಪು ಬೇರೆಯಾಗಿ ಕಾಣುತ್ತದೆ. ಐಪಿಎಸ್ ಪರದೆ, ಎಸ್‌ಆರ್‌ಜಿಬಿ ಬಣ್ಣಗಳನ್ನು ಬಹುತೇಕ ಪೂರ್ತಿ ತೋರಿಸುವಂಥದ್ದು, ಇಷ್ಟಾದರೂ ಇರಲಿ.

‘ಪ್ರಿಂಟ್ ಕಪ್ಪಾಗಿ ಬಂತು’ ಎಂದು ಲ್ಯಾಬಿನವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಪರದೆಯ ಬೆಳಕು ನೋಡಿ. ಅಂಗಡಿಯಿಂದ ಬಂದ ಮಾನಿಟರ್ ಸಾಮಾನ್ಯವಾಗಿ 250 ನಿಟ್ಸ್ ಬೆಳಕಿನಲ್ಲಿ ಉರಿಯುತ್ತಿರುತ್ತದೆ, ಪ್ರಿಂಟ್ ಕೆಲಸಕ್ಕೆ 80ರಿಂದ 120 ಸಾಕು. ಅಷ್ಟು ಜಾಸ್ತಿ ಬೆಳಕಿನ ಪರದೆಯಲ್ಲಿ ತಿದ್ದಿದ ಮದುಮಗಳ ಮುಖ ಕಾಗದದ ಮೇಲೆ ಮಂಕಾಗದೆ ಇನ್ನೇನಾದೀತು? ಬಾಗಿಲು ತೆರೆದು, ಬಿಸಿಲು ಪರದೆಗೆ ಬೀಳುವಂತೆ ಕೂತು ಎಡಿಟ್ ಮಾಡುವವರಿಗಂತೂ ಹೇಳಿ ಸಾಕಾಗಿದೆ.

ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ತುಟ್ಟಿ, ನಿಜ. ಆದರೆ ಅದು ದಿನಾ ಬೇಕಾಗುವುದಿಲ್ಲ, ತಿಂಗಳಿಗೊಮ್ಮೆ ಸಾಕು. ಅಫಜಲಪುರ, ಗಾಣಗಾಪುರ, ಮಣ್ಣೂರಿನ ಸ್ಟುಡಿಯೊದವರು ಪಟ್ಟಿ ಹಾಕಿ ಒಂದನ್ನು ತಂದು ಸರದಿಯಲ್ಲಿ ಬಳಸಬಾರದೇಕೆ? ನನ್ನ ಪಾಲು ಕೊಡಲು ತಯಾರಿದ್ದೇನೆ.