ರಕ್ತದ ಗ್ರೂಪಿನಲ್ಲಿ ಕೆಲಸದ ಜಾಹೀರಾತು

ನಾರಾವಿ ಕಡೆಯ ರಕ್ತದಾನಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನೂ ಒಬ್ಬ ಅಡ್ಮಿನ್. ‘ಮಂಗಳೂರಿನಲ್ಲಿ ಬಿ ನೆಗೆಟಿವ್ ತುರ್ತಾಗಿ ಬೇಕು’ ಎಂಬ ಸಂದೇಶದ ಬೆನ್ನಿಗೇ ‘ಪಿಯುಸಿ ಆದವರಿಗೆ ಕೆಲಸ’ ಎಂಬ ಜಾಹೀರಾತು ಬೀಳುತ್ತದೆ. ಇಂಥವು ಹೆಚ್ಚಾದರೆ ಸದಸ್ಯರು ಗ್ರೂಪನ್ನು ಮ್ಯೂಟ್ ಮಾಡುತ್ತಾರೆ. ರಕ್ತದ ಕರೆಯೂ ಕಾಣದೆ ಹೋಗುತ್ತದೆ. ಪ್ಲೇಟ್‌ಲೆಟ್ ಕೆಡದೆ ಉಳಿಯುವುದು ಸುಮಾರು 5 ದಿನವಷ್ಟೇ. ಬೇಕಾದಾಗ ದಾನಿ ಸಿಗಲೇಬೇಕು.

ಹಾಗೆಂದು ಜಾಹೀರಾತು ಹಾಕಿದವರನ್ನು ಗದರಿ ಹೊರಹಾಕಬಾರದು. ಊರಿನ ಮಕ್ಕಳಿಗೆ ಕೆಲಸ ಸಿಗಲಿ ಎಂದೇ ಹೆಚ್ಚಿನವರು ಹಾಕುವುದು. ನಾಳೆ ರಕ್ತ ಕೊಡುವವರೂ ಅವರೇ. ಸಂದೇಶ ಅಳಿಸಿ, ‘ಅಣ್ಣ, ಇದನ್ನು ಉದ್ಯೋಗದ ಗ್ರೂಪಿಗೆ ಹಾಕಿ, ಆಯ್ತಾ?’ ಎಂದು ಅವರೊಬ್ಬರಿಗೇ ಬರೆದರೆ ಸಾಕು.

ಕೆಲಸ ಹುಡುಕುವವರಿಗೂ ಇದು ಒಳ್ಳೆಯದು. ರಕ್ತದ ಗ್ರೂಪಿನಲ್ಲಿ ಬಂದದ್ದೆಂದು ನಂಬಿ ‘ನೋಂದಣಿ ಶುಲ್ಕ’ ಕಟ್ಟಿ ಮೋಸಹೋಗುವುದು ತಪ್ಪುತ್ತದೆ. ಕೇಂದ್ರ ಸರ್ಕಾರದ ಎನ್‌ಸಿಎಸ್ ಪೋರ್ಟಲ್‌ನಲ್ಲಿ ಉದ್ಯೋಗಾಕಾಂಕ್ಷಿಗಳ ನೋಂದಣಿ ಉಚಿತ.